ಬೆಲ್ಲದ ಅಂಟು, ಕೊಕ್ಕರೆ ಲೇಬಲ್ಲು

ನಿಡಘಟ್ಟಕ್ಕೆ ಒಂದು ಟಿಕೆಟ್ ಕೊಡಿ ಎಂದು ಕೇಳಿದ್ದಕ್ಕೆ ಮೂರು ಬಸ್ಸಿನ ಕಂಡಕ್ಟರುಗಳು ನನ್ನನ್ನು ಕೆಳಗಿಳಿಸಿದರು. ಹೊಸ ಹೆದ್ದಾರಿ ಹಿಡಿಯುವ ಬಸ್ಸುಗಳಿಗೆ ನಡುವಿನ ಊರುಗಳು ಲೆಕ್ಕಕ್ಕಿಲ್ಲ. ಬೆಂಗಳೂರು ಬಿಟ್ಟರೆ ಮಂಡ್ಯ, ಇಲ್ಲವೇ ನೇರ ಮೈಸೂರು. ಹಳೇ ರಸ್ತೆಯಲ್ಲಿ ಊರೂರಿಗೂ ನಿಲ್ಲುವ ಕೆಂಪು ಬಸ್ಸು ಸಿಕ್ಕಿದ್ದು ಬೆಳಿಗ್ಗೆ ಏಳೂವರೆಗೆ. ಟಿಕೆಟ್ಟು ತೊಂಬತ್ತು ಚಿಲ್ಲರೆ. ಶಿವರಾತ್ರಿಗೆ ಇನ್ನೊಂದು ವಾರವಿತ್ತು, ಕಿಟಕಿ ಮುಚ್ಚಿಕೊಳ್ಳುವಷ್ಟು ಚಳಿ. ಪಕ್ಕದಲ್ಲಿ ಕೂತ ಹಿರಿಯರು ನಿಡಘಟ್ಟದಲ್ಲಿ ಯಾರ ಮನೆಗೆ ಎಂದು ವಿಚಾರಿಸಿದರು. ಯಾರ ಮನೆಗೂ ಅಲ್ಲ, ಮುಚ್ಚಿಹೋದ ಬಿಯರ್ ಕಾರ್ಖಾನೆ ನೋಡಲಿಕ್ಕೆ ಎಂದೆ. ಅವರು ಸ್ವಲ್ಪ ಆಚೆ ಸರಿದು ಕೂತರು.

ಇದು ನನಗೆ ಹೊಸದೇನಲ್ಲ. ಬಿಯರಿನ ಒಂದು ಹನಿಯೂ ನಾಲಿಗೆಗೆ ತಾಗಿಸಿದವನಲ್ಲ ನಾನು. ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತನಾದವನು. ಆದರೆ ನಮ್ಮ ಮನೆಯ ಬೀರುವಿನ ಎರಡು ಅರೆ ತುಂಬ ಇರುವುದು ಬಿಯರ್ ಬಾಟಲಿಯ ಲೇಬಲ್ಲುಗಳು. ಅದರ ಕೆಳಗೆ ಹಳೆಯ ಬಾರುಗಳಲ್ಲಿ ಲೋಟ ಇಟ್ಟು ತರುತ್ತಿದ್ದ ತಗಡಿನ ತಟ್ಟೆಗಳು, ಕಂಪನಿ ಹೆಸರು ಕೆತ್ತಿದ ಓಪನರುಗಳು, ಮುಚ್ಚಳಗಳು. ಕುಡುಕರ ಹೆಂಡತಿಯರಿಗೆ ಬಾಟಲಿಯ ಕಾಟ, ತನಗೆ ಬಾಟಲಿ ಮೇಲಿನ ಕಾಗದದ ಕಾಟ ಎಂದು ನನ್ನಾಕೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ ಬಿಡಿ. ಪ್ರೆಸ್ಸಿನವನ ಕಣ್ಣಿಗೆ ಮೂರು ಬಣ್ಣದ ಮೇಲೆ ಚಿನ್ನದ ಬಣ್ಣ ಕೂರಿಸಿದ ಸಣ್ಣ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ.

ನನ್ನಂಥ ಹುಚ್ಚರು ಬೆಂಗಳೂರಿನಲ್ಲಿ ಇನ್ನೂ ಹನ್ನೊಂದು ಜನರಿದ್ದಾರೆ. ತಿಂಗಳಿಗೊಮ್ಮೆ ಒಂದು ಹೋಟೆಲಿನ ಮಹಡಿಯಲ್ಲಿ ಸೇರಿ, ಕಾಫಿ ಕುಡಿಯುತ್ತಾ ಬಿಯರಿನ ಮಾತಾಡುತ್ತೇವೆ. ನಮ್ಮೆಲ್ಲರಿಗೂ ಬೇಕಿದ್ದದ್ದು ಒಂದೇ, ಬಳಸದ ಕೊಕ್ಕರೆ ಲೇಬಲ್ಲು. ನಿಡಘಟ್ಟದ ಹತ್ತಿರ ತಯಾರಾಗುತ್ತಿದ್ದ ಆ ಬಿಯರಿನ ಲೇಬಲ್ಲಿನ ಮೇಲೆ ಒಂದು ಕಾಲೆತ್ತಿ ನಿಂತ ಕೊಕ್ಕರೆ ಇತ್ತು. ಬಾಟಲಿಯಿಂದ ನೆನೆಸಿ ಕಿತ್ತ ಲೇಬಲ್ಲು ನಮ್ಮಲ್ಲಿ ಮೂವರ ಬಳಿ ಇದೆ. ಆದರೆ ಅಂಟು ಕಾಣದ, ಅಚ್ಚಿನಿಂದ ಬಂದಂತೆಯೇ ಇರುವ ಒಂದೂ ಯಾರ ಬಳಿಯೂ ಇಲ್ಲ.

ಆ ಕಂಪನಿ ಮುಚ್ಚಿದ ಕತೆ ನಮ್ಮ ಕೂಟದಲ್ಲಿ ಎಲ್ಲರಿಗೂ ಬಾಯಿಪಾಠ. ಒಮ್ಮೆ ಬೇಸಿಗೆಗೆ ಮುಂಚೆ ಅಲ್ಲಿ ಲೇಬಲ್ ಅಂಟಿಸುವ ಅಂಟಿನ ಪುಡಿ ಮುಗಿದಿತ್ತಂತೆ. ಲೇಬಲ್ ಹಾಕುತ್ತಿದ್ದ ಹೆಂಗಸೊಬ್ಬಳು ರಾಗಿ ಹಿಟ್ಟು ಕಾಯಿಸಿ, ಬೆಲ್ಲದ ಪಾಕ ಬೆರೆಸಿ ಅಂಟು ಮಾಡಿದಳಂತೆ. ಬೇಸಿಗೆಗೆಂದು ಕೂಡಿಟ್ಟ ಮಾಲೆಲ್ಲ ಗೋಡೌನಿನಲ್ಲಿದ್ದಾಗ ಇರುವೆ, ಜಿರಲೆ ಮುತ್ತಿ ಲೇಬಲ್ಲುಗಳನ್ನೆಲ್ಲ ತಿಂದು ಹಾಕಿದವಂತೆ. ಲೇಬಲ್ ಇಲ್ಲದ ಬಾಟಲಿ ಗೇಟು ದಾಟುವಂತಿಲ್ಲ. ಅಬ್ಕಾರಿ ಅಧಿಕಾರಿಗಳ ಎದುರಿಗೇ ಅಷ್ಟೂ ಬಿಯರನ್ನು ಗುಂಡಿಗೆ ಸುರಿದರು, ಕಂಪನಿ ಮುಳುಗಿತು. ಇರುವೆ ಕುಡಿದು ತೂರಾಡಿದವು ಎಂದು ನಾನು ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹೆಂಗಸಿಗೊಂದು ಹೆಸರಿರಬಹುದು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನಿಡಘಟ್ಟದಲ್ಲಿ ಇಳಿದು ಅರ್ಧ ಮೈಲಿ ನಡೆದೆ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಮದುವೆ ಚೌಲ್ಟ್ರಿ ಎದ್ದಿದೆ. ಉಳಿದಿರುವುದು ಹಿಂಬದಿಯ ಕಲ್ಲಿನ ಕಾಂಪೌಂಡು, ಬಾಟಲಿ ತೊಳೆಯುತ್ತಿದ್ದ ಎರಡು ಸಿಮೆಂಟು ತೊಟ್ಟಿ. ತೊಟ್ಟಿಯಲ್ಲಿ ಚೌಲ್ಟ್ರಿಯವರು ಎಂಜಲೆಲೆ ಹಾಕುತ್ತಾರೆ. ನಾನು ಫೋಟೋ ತೆಗೆಯುವುದನ್ನು ನೋಡಿ ಕಾವಲಿನವನು ಬಂದ. ಜಾಗ ಕೊಳ್ಳಲು ಬಂದವನೆಂದುಕೊಂಡಿದ್ದ, ಕಸದ ತೊಟ್ಟಿಗೆ ಫೋಟೋ ಯಾಕೆ ಎಂದು ಕೇಳಿದ. ಇಲ್ಲಿ ಬಿಯರ್ ಮಾಡುತ್ತಿದ್ದರಲ್ಲಪ್ಪ ಎಂದರೆ ಅವನಿಗೆ ಗೊತ್ತೇ ಇರಲಿಲ್ಲ. ಈಗ ಇಲ್ಲಿ ಬಾಟಲಿ ಸಿಕ್ಕರೆ ಅದು ಮದುವೆಗೆ ಬಂದವರದ್ದೇ ಎಂದ.

ಅಲ್ಲಿಂದ ಆಟೋದಲ್ಲಿ ಮದ್ದೂರು. ಹೆದ್ದಾರಿ ಊರಿನ ಆಚೆ ಹಾದುಹೋದ ಮೇಲೆ ಹೋಟೆಲುಗಳಿಗೆ ಮೊದಲಿನ ಗಿರಾಕಿಯಿಲ್ಲ. ವಡೆ ಮಾತ್ರ ಬಿಸಿಯಾಗಿಯೇ ಸಿಕ್ಕಿತು, ಎರಡು ತಿಂದೆ, ಚಟ್ನಿ ನೀರಾಗಿತ್ತು. ಶಿಂಷಾ ಸೇತುವೆಯ ಕಡೆ ಹೋಗುವ ರಸ್ತೆಯ ಗುಜರಿ ಅಂಗಡಿಯವನು ನನಗೆ ಫೋನಿನಲ್ಲಿ ಪರಿಚಯ. ಕೊಕ್ಕರೆ ಚಿತ್ರದ ತಗಡಿನ ತಟ್ಟೆಯೊಂದಿದೆ ಎಂದು ಹೇಳಿದ್ದ. ಅಂಚು ತುಕ್ಕು ಹಿಡಿದಿತ್ತು, ಕೊಕ್ಕರೆಯ ಒಂದು ಕಣ್ಣು ಸವೆದಿತ್ತು. ಆದರೂ ಕೈಗೆತ್ತಿಕೊಂಡವನು ಮತ್ತೆ ಕೆಳಗಿಡಲಿಲ್ಲ. ಇಂಥದ್ದಕ್ಕೆ ಮುಖದಲ್ಲಿ ಆಸೆ ತೋರಿಸಬಾರದು, ಆ ಬುದ್ಧಿ ನನಗೆ ಇವತ್ತಿಗೂ ಬಂದಿಲ್ಲ. ನಾನೂರು ಕಿತ್ತುಕೊಂಡ.

ತಟ್ಟೆ ಸುತ್ತಿಕೊಡುತ್ತಾ ಅವನೇ ಇರುವೆಯ ಕತೆ ತೆಗೆದ. ನಾನು ನಗಲಿಕ್ಕೆ ತಯಾರಾದೆ. ಆದರೆ ಅವನ ಕತೆಯಲ್ಲಿ ಹೆಂಗಸಿಗೆ ಹೆಸರಿತ್ತು, ಚಿಕ್ಕತಾಯಮ್ಮ. ಆಕೆಯ ತಮ್ಮ ಮಹದೇವಯ್ಯನೂ ಅದೇ ಕಂಪನಿಯಲ್ಲಿ ಬಾಯ್ಲರಿನ ಕೆಲಸಕ್ಕಿದ್ದ. ಕೆಲಸ ಹೋದದ್ದೇ ಅವನಿಗೆ ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ಮದುವೆ ಮುರಿದರು. ಗೇಟಿನ ಮುಂದೆ ಎಲ್ಲರ ಎದುರಿಗೆ, ಕಂಪನಿ ತಿಂದವಳು ನಮ್ಮಕ್ಕನೇ ಎಂದು ಕೂಗಿದನಂತೆ. ಅವತ್ತಿನಿಂದ ಅಕ್ಕನ ಮನೆಯಲ್ಲಿ ಒಂದು ತುತ್ತು ಉಂಡಿಲ್ಲ, ಮಾತೂ ಇಲ್ಲ. ಸಾವಿಗೆ ಸೇರಿದರೂ ಆಚೆ ಕಡೆ ನಿಲ್ಲುತ್ತಾನೆ. ಮೂವತ್ತು ವರ್ಷದ ಮೇಲಾಯಿತು.

"ಆಯಮ್ಮ ಇನ್ನೂ ಅವ್ಳೆ ಸಾ, ಮಳವಳ್ಳೀಲಿ ಮಗಳ ಮನೇಲಿ. ಇವತ್ತಿಗೂ ಈ ಕಡೆ ಬಂದ್ರೆ ಕಂಪನಿ ತಿಂದೋಳು ಬಂದ್ಲು ಅಂತಾರೆ ಜನ."

ನಿಜ ಹೇಳಿಬಿಡುತ್ತೇನೆ. ಅದನ್ನು ಕೇಳಿ ನನಗೆ ಮೊದಲು ಅನ್ನಿಸಿದ್ದು ಅಯ್ಯೋ ಪಾಪ ಎಂದಲ್ಲ. ಲೇಬಲ್ ಹಾಕುತ್ತಿದ್ದವಳು ಎಂದ ಮೇಲೆ ಒಂದು ಕಟ್ಟು ಬಳಸದ ಲೇಬಲ್ಲು ಆಕೆಯ ಮನೆಯಲ್ಲಿ ಇದ್ದರೂ ಇರಬಹುದು ಎಂಬುದು. ಆಕೆಯ ವಿಳಾಸ ಯಾರಲ್ಲಿ ಸಿಗುತ್ತದೆ ಎಂದೆ. ಮಂಡ್ಯದ ಗುತ್ತಲಿನಲ್ಲಿ ಬೋರೇಗೌಡರಿದ್ದಾರೆ, ಕಂಪನಿಯ ಸ್ಟೋರಿನಲ್ಲಿ ಕ್ಲರ್ಕಾಗಿದ್ದವರು, ಹಳೇ ಕಾಗದಪತ್ರವೂ ಅವರ ಹತ್ತಿರವೇ ಇದೆ ಎಂದ. ಅವನಿಂದಲೇ ಫೋನು ಮಾಡಿಸಿ, ಮಂಡ್ಯದ ಬಸ್ಸು ಹತ್ತಿದೆ.

ಕಬ್ಬು ಕಡಿಯುವ ಕಾಲ. ಮದ್ದೂರಿನಿಂದ ಮಂಡ್ಯದವರೆಗೂ ನಮ್ಮ ಬಸ್ಸು ಕಬ್ಬಿನ ಲಾರಿಗಳ ಹಿಂದೆಯೇ ತೆವಳಿತು. ಇಪ್ಪತ್ತು ಕಿಲೋಮೀಟರಿಗೆ ಐವತ್ತು ನಿಮಿಷ. ಅಲ್ಲಲ್ಲಿ ಆಲೆಮನೆಯ ಹೊಗೆ, ಕಾದ ಬೆಲ್ಲದ ವಾಸನೆ. ಈ ಸೀಮೆಯಲ್ಲಿ ಅಂಟಿಗೆ ಬೆಲ್ಲ ಹಾಕೋಣ ಎಂದು ಯಾರಿಗಾದರೂ ಹೊಳೆದರೆ ಅದರಲ್ಲಿ ಆಶ್ಚರ್ಯವೇನಿದೆ ಅನ್ನಿಸಿತು.

ಗುತ್ತಲಿನ ಎರಡನೇ ಅಡ್ಡರಸ್ತೆಯಲ್ಲಿ ಬೋರೇಗೌಡರ ಮನೆ. ಎಪ್ಪತ್ತು ದಾಟಿದ ಆಳು, ಬಿಳಿ ಪಂಚೆ, ಎದೆ ಜೇಬಿನಲ್ಲಿ ಈಗಲೂ ಎರಡು ಪೆನ್ನು. ಊಟದ ಹೊತ್ತಿಗೆ ಬಂದವನನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮೊದಲು ಎಲೆ ಹಾಕಿಸಿದರು. ಮುದ್ದೆ, ಉಪ್ಪೆಸರು, ಅವರೆಕಾಳು. ನಾನು ಬೆಂಗಳೂರಿನವನೆಂದು ಅರ್ಧ ಮುದ್ದೆ ಇಟ್ಟಿದ್ದರು, ಕೇಳಿ ಇನ್ನರ್ಧ ಹಾಕಿಸಿಕೊಂಡೆ. ಅದರಿಂದ ನನ್ನ ಮೇಲೆ ಸ್ವಲ್ಪ ಗೌರವ ಬಂದಂತೆ ಕಂಡಿತು.

ಕೈ ತೊಳೆದ ಮೇಲೆ ಕಂಪನಿಯ ಕತೆ ಹೇಳಿದರು. ಧಣಿಗಳದು ಬೆಲ್ಲದ ಮಂಡಿ, ಅಕ್ಕಿ ಗಿರಣಿ. ಬಿಯರಿಗೆ ಪರವಾನಗಿ ಸಿಗುವುದು ಕಷ್ಟವಿದ್ದ ಕಾಲದಲ್ಲಿ ಹೇಗೋ ಒಂದನ್ನು ಹಿಡಿದು ಕಾರ್ಖಾನೆ ಹಾಕಿದರು. ಬಾರ್ಲಿ ಉತ್ತರದಿಂದ ರೈಲಿನಲ್ಲಿ ಬರುತ್ತಿತ್ತು, ಬಾಟಲಿ ಮಾತ್ರ ಹಳೆಯದೇ. ಗೋಣಿಚೀಲದಲ್ಲಿ ವಾಪಸು ಬಂದ ಬಾಟಲಿಗಳನ್ನು ಹೆಂಗಸರು ತೊಟ್ಟಿಯಲ್ಲಿ ನೆನೆಹಾಕಿ, ಬೇರೆ ಕಂಪನಿಯ ಲೇಬಲ್ಲು ಉಜ್ಜಿ ತೆಗೆದು, ಕೊಕ್ಕರೆ ಅಂಟಿಸುತ್ತಿದ್ದರು. ಮೆಷಿನ್ನಿರಲಿಲ್ಲ, ಎಲ್ಲವೂ ಕೈಯಲ್ಲೇ. ಚಿಕ್ಕತಾಯಮ್ಮ ಹಚ್ಚಿದ ಲೇಬಲ್ಲು ಒಂದು ಕೂದಲೆಳೆಯಷ್ಟೂ ಓರೆ ಇರುತ್ತಿರಲಿಲ್ಲ ಎಂದರು. ಮೈಸೂರು, ಚಾಮರಾಜನಗರ, ಬೆಂಗಳೂರಿನ ಈ ಕಡೆ ಮಗ್ಗುಲಲ್ಲಿ ಮಾಲು ಚೆನ್ನಾಗಿ ಓಡಿತು. ಆಮೇಲೆ ದೊಡ್ಡ ಕಂಪನಿಗಳು ಬಂದವು. ಅವರು ಬಾರಿನವರಿಗೆ ಫ್ರಿಜ್ಜನ್ನೇ ಬಿಟ್ಟಿ ಕೊಟ್ಟು, ಅದರೊಳಗೆ ತಮ್ಮ ಬಾಟಲಿ ಬಿಟ್ಟು ಬೇರೆ ಇಡಬಾರದು ಎಂದರು. ಕೊಕ್ಕರೆ ಬಿಸಿಲಿಗೆ ಬಿತ್ತು.

ಮಾತು ಮುಗಿಸಿ ಅಟ್ಟದಿಂದ ಒಂದು ಫೈಲು ಇಳಿಸಿಕೊಟ್ಟರು. ಕಂಪನಿಯ ಹೆಸರು ಅಚ್ಚಾದ ಕಾಗದಗಳು ಬೇಕಿದ್ದರೆ ತಗೊಂಡು ಹೋಗಿ, ನಮ್ಮ ಮನೆಯಲ್ಲಿ ಗೆದ್ದಲಿಗೆ ಆಗುತ್ತದೆ ಎಂದರು. ಕೊಕ್ಕರೆಯ ತಲೆಬರಹವಿದ್ದ ಎಂಟು ಹತ್ತು ಪತ್ರಗಳಿದ್ದವು. ಇನ್ನೊಬ್ಬ ಸಂಗ್ರಾಹಕನಾಗಿದ್ದರೆ ತಲೆಬರಹ ನೋಡಿ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ನಾನು ಕರಡು ತಿದ್ದಿದವನು, ಅಚ್ಚಾದದ್ದು, ಟೈಪಾದದ್ದು ಏನು ಸಿಕ್ಕರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದದೆ ಬಿಡಲಾರೆ. ಓದುತ್ತಾ ಹೋದೆ. ಐದನೆಯದೋ ಆರನೆಯದೋ ಕಾಗದಕ್ಕೆ ನಿಂತೆ.

ಅದು ಧಣಿಗಳು ಸ್ಟೋರಿಗೆ ಬರೆದದ್ದು, ಇಂಗ್ಲಿಷಿನಲ್ಲಿ ಟೈಪಾಗಿತ್ತು. ಕಂಪನಿಯ ಪರವಾನಗಿಯನ್ನು ಹೊರರಾಜ್ಯದ ದೊಡ್ಡ ಕಂಪನಿಯೊಂದಕ್ಕೆ ವಹಿಸಿಕೊಡಲು ಒಪ್ಪಂದವಾಗಿದೆ, ಮಾರ್ಚ್ ಕೊನೆಗೆ ತಯಾರಿಕೆ ನಿಲ್ಲುತ್ತದೆ, ಇನ್ನು ಮುಂದೆ ಬಾರ್ಲಿಯಾಗಲಿ ಅಂಟಾಗಲಿ ಏನನ್ನೂ ತರಿಸಬಾರದು, ಇರುವುದರಲ್ಲಿ ಸುಧಾರಿಸಬೇಕು, ಕೆಲಸಗಾರರಿಗೆ ತಿಳಿಯಕೂಡದು. ಕೆಳಗೆ ಸಹಿ. ತಾರೀಖು ನೋಡಿದೆ. ಅದು ಸಂಕ್ರಾಂತಿಗೂ ಮುಂಚಿನದು.

ಬೆಲ್ಲದ ಅಂಟು ಕಾಯಿಸಿದ್ದು ಯಾವಾಗ ಗೌಡರೇ ಎಂದು ಕೇಳಿದೆ. ಶಿವರಾತ್ರಿ ಕಳೆದ ಮೇಲೆ ಎಂದವರು ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಹಾಗಾದರೆ ಇರುವೆಗಿಂತ ಮೊದಲೇ ಕಂಪನಿ ಮುಚ್ಚುವುದು ತೀರ್ಮಾನವಾಗಿತ್ತು. ಅಂಟಿನ ಪುಡಿ ಬಾರದೆ ಹೋದದ್ದೂ ಮುಚ್ಚುವುದಕ್ಕಾಗಿಯೇ. ಇದು ನಿಮಗೊಬ್ಬರಿಗೆ ಗೊತ್ತಿತ್ತಲ್ಲ ಎಂದೆ. ನನ್ನ ಧ್ವನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಪಾತ್ರೆಯ ಸದ್ದು ನಿಂತಿತು.

"ಗೊತ್ತಿತ್ತು ಸಾ," ಎಂದರು ಬೋರೇಗೌಡರು. "ಅಂಟಿಲ್ಲ ಅಂತ ಆಯಮ್ಮ ಬಂದು ಕೇಳ್ದಾಗ, ಏನಾದ್ರೂ ಮಾಡ್ಕೊಳ್ಳಿ ಕಣಮ್ಮ ಅಂದೋನೂ ನಾನೇ. ಬೆಲ್ಲ ತರಿಸ್ಕೊಟ್ಟೋನೂ ನಾನೇ. ಗೇಟ್ ತಾವ ಧಣಿ ಈ ಯೆಂಗ್ಸಿನಿಂದ ಮುಳುಗಿದ್ವಿ ಅಂದ್ರಲ್ಲ, ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಕ್ಕಿ ಗಿರಣೀಲಿ ನಂಗೆ ಕೆಲ್ಸ ಕೊಟ್ರು. ಯಾಕೆ ಕೊಟ್ರು ಅನ್ನೋದು ಆಮೇಲೆ ತಿಳೀತು."

ಕಾಗದವನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿರಿ ಎಂದೆ. ಎರಡು ಸಲ ಅದನ್ನು ಜೇಬಿನಲ್ಲಿಟ್ಟುಕೊಂಡು ಮಳವಳ್ಳಿಯ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದಿದ್ದರಂತೆ. ಧಣಿಗಳು ತೀರಿಕೊಂಡು ಹತ್ತು ವರ್ಷವಾದರೂ ಕಾಲು ಏಳಲಿಲ್ಲವಂತೆ. ವಿಳಾಸ ಬರೆದುಕೊಟ್ಟರು. ನನಗೆ ಕೊಡೋಕೆ ಮುಖವಿಲ್ಲ, ನೀವು ಓದಿ ಹೇಳಿಬಿಡಿ ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಅವರ ಮನೆಯ ಮುದ್ದೆ ಉಂಡು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಆದ್ದರಿಂದ ಬೈಯಲಿಲ್ಲ. ಬಾಗಿಲವರೆಗೆ ಬಂದು ಕೈ ಮುಗಿದರು, ನಾನೂ ಅರ್ಧಂಬರ್ಧ ಮುಗಿದು ಹೊರಟೆ.

ಮಂಡ್ಯದ ಲಾಡ್ಜಿನಲ್ಲಿ ಉಳಿದು ಮಾರನೇ ಬೆಳಿಗ್ಗೆ ಮಳವಳ್ಳಿಯ ಬಸ್ಸು ಹಿಡಿದೆ. ಒಂದು ಗಂಟೆಯ ಮೇಲಿನ ದಾರಿ. ನಾಲೆಯ ಬಯಲು, ಗದ್ದೆ, ತೆಂಗು, ನಡುನಡುವೆ ಹಿಪ್ಪುನೇರಳೆ. ಬಸ್ಸಿನ ತುಂಬ ಹೆಂಗಸರು, ಅವರಿಗೆ ಟಿಕೆಟ್ಟು ಉಚಿತ. ನಿಂತೇ ಪ್ರಯಾಣ ಮಾಡಿದೆ. ನಿಂತಷ್ಟು ಹೊತ್ತೂ ನಮ್ಮ ಕೂಟದ ನಗು ಕಿವಿಯಲ್ಲಿತ್ತು. ಎಷ್ಟು ಸಲ ಹೇಳಿದ್ದೆ ಆ ಕತೆಯನ್ನು! ಇರುವೆ ತೂರಾಡುವುದನ್ನು ಎದ್ದು ನಿಂತು ಅಭಿನಯಿಸಿಯೂ ತೋರಿಸಿದ್ದೆ. ಒಂದು ಲೇಬಲ್ಲಿನ ಬಣ್ಣ ಎಷ್ಟು, ಯಾವ ಪ್ರೆಸ್ಸು, ಎಷ್ಟನೇ ಅಚ್ಚು ಎಂದು ಭೂತಗನ್ನಡಿ ಹಿಡಿದು ನೋಡುವವನು, ಅದನ್ನು ಅಂಟಿಸಿದ ಕೈ ಯಾರದೆಂದು ಒಂದು ಸಲವಾದರೂ ಕೇಳಬಾರದಿತ್ತೇ? ನಾಚಿಕೆಯಾಯಿತು. ಅದರ ಜೊತೆಗೇ, ಆ ಒಂದು ಕಟ್ಟು ಲೇಬಲ್ಲು ಸಿಕ್ಕರೆ ಎಂಬ ಆಸೆಯೂ ಇತ್ತು. ಎರಡೂ ಒಟ್ಟಿಗೆ ಮಳವಳ್ಳಿಯವರೆಗೆ ಬಂದವು.

ಚಿಕ್ಕತಾಯಮ್ಮನ ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು, ಬಾಗಿಲು ತೆರೆದವರು ಅವರೇ. ನಡುಮನೆಯ ಗೋಡೆಯಲ್ಲಿ ಬುದ್ಧನ ಚಿತ್ರ, ಕೆಳಗೆ ಬಾಡದ ಹೂವು. ಅದರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಎತ್ತರದ ಮುದುಕಿ ನನ್ನನ್ನು ನೋಡಿದರು. ಬಿಯರ್ ಲೇಬಲ್ಲು ಕೂಡಿಹಾಕುವವನು, ಬೆಂಗಳೂರಿನಿಂದ ಬಂದೆ ಎಂದೆ.

"ಇರುವೆ ಕತೆ ಕೇಳಾಕೆ ಬಂದ್ರಾ? ಇದುವರ್ಗೂ ನಾಕು ಜನ ಬಂದವ್ರೆ. ಒಬ್ಬ ಮೊಬೈಲ್ನಾಗೆ ಇಡ್ಕೊಂಡು ಓದ. ಕೂತ್ಕಳಿ, ಯೋಳ್ತೀನಿ. ಯೋಳಿ ಯೋಳಿ ನಂಗೂ ಅಭ್ಯಾಸ ಆಗದೆ."

ಮುಖಕ್ಕೆ ಹೊಡೆದಂತಾಯಿತು. ಲೇಬಲ್ಲು ಉಳಿದಿವೆಯೇ ಎಂದು ಕೇಳಲು ನಾಲಿಗೆ ಹೊರಳಲಿಲ್ಲ, ಅವರೇ ಹೇಳಿದರು. ಒಂದು ಕಟ್ಟು ಮನೆಯಲ್ಲಿತ್ತಂತೆ. ತಮ್ಮ ಗೇಟಿನಲ್ಲಿ ಕೂಗಿದ ದಿನ ಸಂಜೆ ಅದನ್ನು ಒಲೆಗೆ ಹಾಕಿ ನೀರು ಕಾಯಿಸಿಕೊಂಡರಂತೆ. ಚಿನ್ನದ ಬಣ್ಣ ಉರಿಯುವಾಗ ಹಸಿರು ಕಾಣುತ್ತಿತ್ತು ಎಂದರು. ಅಯ್ಯೋ ಎಂದುಬಿಟ್ಟೆ. ಅದು ಅವರಿಗಾಗಿಯೋ ಲೇಬಲ್ಲಿಗಾಗಿಯೋ, ಆಣೆ ಮಾಡಿ ಹೇಳಲಾರೆ.

ಅಂಟು ಕಾಯಿಸಿದ್ದನ್ನು ಅವರು ಅಡುಗೆ ಹೇಳಿಕೊಡುವಂತೆ ವಿವರಿಸಿದರು. ಬರೀ ರಾಗಿ ಗಂಜಿಯಲ್ಲಿ ಅಂಟಿಸಿದರೆ ಐಸಿನ ನೀರಿಗೆ ಬಿದ್ದ ಕೂಡಲೇ ಲೇಬಲ್ಲು ಬಿಟ್ಟುಕೊಳ್ಳುತ್ತಿತ್ತು. ಅದಕ್ಕೆ ಎಳೆಪಾಕ ಸೇರಿಸಿದರು. ಮೂರು ಬಾಟಲಿಗೆ ಹಚ್ಚಿ, ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಉಗುರಿನಿಂದ ಕೆರೆದು ನೋಡಿದರು. ಏಳಲಿಲ್ಲ. ನೀರನ್ನು ಯೋಚಿಸಿದರಂತೆ, ಇರುವೆಯನ್ನು ಯೋಚಿಸಲಿಲ್ಲವಂತೆ. ಮಾಲು ಮನೆಯಲ್ಲಿಡುವುದಾಗಿದ್ದರೆ ಸುತ್ತ ಅರಿಶಿನವಾದರೂ ಉದುರಿಸುತ್ತಿದ್ದೆ, ಗೋಡೌನಿನ ಬೀಗದ ಕೈ ನಮ್ಮ ಹತ್ತಿರ ಇರಲಿಲ್ಲವಲ್ಲ ಎಂದರು.

ನಾನು ಚೀಲದಿಂದ ಕಾಗದ ತೆಗೆದು, ಯಾರು ಕೊಟ್ಟರು ಎಂದು ಹೇಳಿ, ಕನ್ನಡದಲ್ಲಿ ಓದಿದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಸಲ ಓದಿ ಎಂದರು. ಓದಿದೆ. ಯಾವ ತಿಂಗಳ ಕಾಗದ ಎಂದು ಕೇಳಿದರು. ಸಂಕ್ರಾಂತಿಗೆ ಮುಂಚೆ ಎಂದೆ. ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಎಂದು ಎಣಿಸಿದರು. ಮತ್ತೆ ಹಿಂದಕ್ಕೂ ಎಣಿಸಿದರು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದರು, ತಾಯಿ ಅಳಲಿಲ್ಲ.

"ಇರುವೆ ಬಂದಿದ್ದು ನನ್ನಿಂದ. ಅದು ನಂದೇ ತಪ್ಪು, ಇಲ್ಲ ಅನ್ನಲ್ಲ," ಎಂದರು. "ಬಾಗ್ಲು ಮುಚ್ಚಿದ್ದು ನಾನಲ್ಲ."

ಬಿಡಿಸಿದ ಸೊಪ್ಪನ್ನು ಒಂದು ಕಡೆ ಸರಿಸಿ, ಬೋರಣ್ಣ ಚೆನ್ನಾಗಿದ್ದಾನಾ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಅವನಿಗೇನು ಎಂದು ಎದ್ದು ಸೀರೆ ಕೊಡವಿಕೊಂಡರು. ಆತಗೂರಿಗೆ ಹೋಗಬೇಕು, ನೀವೂ ಬನ್ನಿ, ನಾನು ಹೇಳಿದರೆ ನನ್ನ ತಮ್ಮ ನಂಬುವುದಿಲ್ಲ ಎಂದರು. ಮಗಳು ಊಟ ಮಾಡಿಕೊಂಡು ಹೋಗಿ ಎಂದರೂ ಕೇಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆಧಾರ್ ಕಾರ್ಡು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಟ್ಟೆಯ ಚೀಲದ ತಳಕ್ಕೆ ಸೇರಿಸಿದರು. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಕೂಟದಲ್ಲಿ ತೋರಿಸಬೇಕೆಂದು ಹಿಂದಿನ ದಿನ ಗುತ್ತಲಿನಲ್ಲೇ ಮನಸ್ಸಿನಲ್ಲಿ ಮಂಡಿಗೆ ತಿಂದಿದ್ದೆ. ವಾಪಸು ಕೇಳುವುದು ನನ್ನಿಂದಾಗಲಿಲ್ಲ.

ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಅಲ್ಲಿಂದ ಆತಗೂರಿಗೆ ಆಟೋ. ಬಿಸಿಲು ಏರಿತ್ತು. ದಾರಿಯಲ್ಲಿ ಅವರು ತಮ್ಮನ ಮಾತು ಬಿಟ್ಟು ಬೇರೆಲ್ಲ ಆಡಿದರು. ಬೇರೆ ಕಂಪನಿಯ ಲೇಬಲ್ಲು ಉಜ್ಜಿ ಉಜ್ಜಿ ತೊಳೆಯುವ ಸೋಡಾದ ನೀರಿಗೆ ಬೆರಳಿನ ಗೆರೆಗಳೇ ಸವೆದುಹೋಗಿದ್ದವಂತೆ. ರೇಷನ್ ಅಂಗಡಿಯ ಯಂತ್ರ ಇವತ್ತಿಗೂ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲವಂತೆ. ತೋರಿಸಿದರು. ಹೆಬ್ಬೆರಳ ತುದಿ ನುಣ್ಣಗಿತ್ತು. ಬೀರುವಿನಲ್ಲಿ ನಾನು ಜೋಪಾನ ಮಾಡಿರುವ ಒಂದೊಂದು ಲೇಬಲ್ಲಿಗೂ ಇಂಥದೊಂದು ಬೆರಳಿದೆಯಲ್ಲ ಎಂದು ಆಟೋದ ಕುಲುಕಾಟದಲ್ಲಿ ಯೋಚಿಸುತ್ತಾ ಕೂತೆ.

ಮಹದೇವಯ್ಯ ಮನೆಯ ಮುಂದಿನ ಚಪ್ಪರದಲ್ಲಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದರು. ಅಕ್ಕನಂತೆಯೇ ಎತ್ತರ. ಆಟೋದಿಂದ ಇಳಿದವರನ್ನು ಕಂಡು ಎದ್ದರು, ಮತ್ತೆ ಕೂತರು, ಗೂಡು ಬಿಡಿಸುವುದನ್ನು ಮುಂದುವರಿಸಿದರು. ಚಿಕ್ಕತಾಯಮ್ಮ ಚಪ್ಪರದೊಳಗೆ ಹೋಗಲಿಲ್ಲ, ರಸ್ತೆಯ ಬದಿಯಲ್ಲೇ ನಿಂತು ಓದಿ ಎಂದು ನನಗೆ ಕಾಗದ ಕೊಟ್ಟರು. ಮಹದೇವಯ್ಯನವರ ಹೆಂಡತಿ ಬಾಗಿಲಿಗೆ ಬಂದರು. ಪಕ್ಕದ ಮನೆಯ ಇಬ್ಬರು ಬೇಲಿಯ ಹತ್ತಿರ ನಿಂತರು. ನಾನು ಯಾರೆಂದು ಹೇಳಿ, ಕಾಗದ ಎಲ್ಲಿ ಸಿಕ್ಕಿತೆಂದು ಹೇಳಿ, ಓದಿ ಮುಗಿಸಿದೆ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಗಟ್ಟಿಯಾಗಿ ಓದಿ ತಿದ್ದಿದವನು, ಅವತ್ತು ಎರಡು ಕಡೆ ತೊದಲಿದೆ.

ಮಹದೇವಯ್ಯ ಕೈ ಚಾಚಿದರು, ಕಾಗದ ಕೊಟ್ಟೆ. ಇಂಗ್ಲಿಷು ಅವರಿಗೆ ಬಾರದು. ಆದರೆ ತಿಂಗಳು ತಿಂಗಳೂ ಸಂಬಳದ ಚೀಟಿಯಲ್ಲಿ ನೋಡಿದ ಸಹಿ ಅವರಿಗೆ ಗೊತ್ತಿತ್ತು. ಸಹಿಯ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ಧಣಿ ಸಹಿಯೇ ಇದು ಎಂದರು, ಯಾರಿಗೆಂದಲ್ಲ. ಆಮೇಲೆ ಅಕ್ಕನ ಕಡೆ ನೋಡದೆ, "ಬಿಸ್ಲಾಗೆ ಯಾಕೆ ನಿಂತಿದ್ದೀಯ, ಒಳಕ್ಕೆ ಬಾ," ಎಂದರು.

ಕತೆ ಸುಖವಾಗಿ ಮುಗಿಯಿತೆಂದು ನಾನು ಚಪ್ಪಲಿ ಬಿಡಲು ಬಗ್ಗಿದ್ದೆ.

"ಬರಲ್ಲ ಕಣ್ಲಾ," ಎಂದರು ಚಿಕ್ಕತಾಯಮ್ಮ. ಧ್ವನಿ ಏರಿಸಲಿಲ್ಲ. "ನಿನ್ ಬಾಗ್ಲಿಗೆ ನಾನು ಎಷ್ಟು ದಪ ಬಂದಿಲ್ಲ. ಗೊತ್ತಿದ್ದು ಮಾಡ್ಲಿಲ್ಲ ಅಂತ ಕೈ ಮುಗ್ದೆ. ನಿಂಗೆ ನನ್ ಮಾತು ಸಾಲ್ದೆ ಓಯ್ತು. ಇವತ್ತು ಸತ್ತೋನ ಸೈನು ನೋಡಿ ಒಳಕ್ಕೆ ಬಾ ಅಂತೀಯ. ಊಟಕ್ಕೆ ಬರ್ಬೇಕಾದೋನು ನೀನು, ನಾನಲ್ಲ."

ಮಹದೇವಯ್ಯ ಕೈಯಲ್ಲಿದ್ದ ಕಾಗದವನ್ನು ಮಡಿಸಿದರು. ಅವರ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರು. ಚಿಕ್ಕತಾಯಮ್ಮ ಕಾಗದವನ್ನೂ ವಾಪಸು ಕೇಳಲಿಲ್ಲ, ನಡೀರಿ ಎಂದು ನನಗೆ ಹೇಳಿ ಆಟೋ ಹತ್ತಿದರು. ನಾನು ಅಕ್ಕನ ಹಿಂದೆ ಹೋಗಲೋ ತಮ್ಮನಿಗೊಂದು ಮಾತು ಹೇಳಲೋ ತಿಳಿಯದೆ ಪೆದ್ದನ ಹಾಗೆ ನಿಂತು, ಕೊನೆಗೆ ಓಡಿ ಹೋಗಿ ಕೂತೆ. ಮದ್ದೂರಿನ ದಾರಿಯಲ್ಲಿ ಅವರು, ನಾನು ಹಾಗೆ ಅನ್ನಬಾರದಿತ್ತಾ ಎಂದು ಕೇಳಿದರು. ನನಗೆ ಗೊತ್ತಿಲ್ಲಮ್ಮ ಎಂದೆ. ನನಗೂ ಗೊತ್ತಿಲ್ಲ, ಆದರೆ ಅಂದಿದ್ದಕ್ಕೆ ಹಗುರಾಗಿದೆ ಎಂದರು.

ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿಯ ಬಸ್ಸು ನಿಂತಿತ್ತು, ಹೊರಡಲು ಇನ್ನೂ ಹೊತ್ತಿತ್ತು. ಡ್ರೈವರು ಕಾಫಿಗೆ ಹೋಗಿದ್ದ. ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಒಂದು ಪೊಟ್ಟಣ ವಡೆ ತಂದುಕೊಟ್ಟೆ. ಬೇಡ, ಎಣ್ಣೆ ತಿಂದರೆ ಎದೆ ಉರಿಯುತ್ತದೆ ಎಂದರು, ಮತ್ತೆ ತೆಗೆದುಕೊಂಡರು. ನಿಮ್ಮ ಕತೆಯನ್ನು ನಾನೂ ಹೇಳಿ ಜನರನ್ನು ನಗಿಸಿದ್ದೇನೆ ತಾಯಿ ಎಂದು ಕಿಟಕಿಯ ಕೆಳಗೆ ನಿಂತು ಒಪ್ಪಿಕೊಂಡೆ. ಅವರು ನನ್ನ ಮುಖವನ್ನೇ ನೋಡಿದರು. ಇನ್ನು ಮೇಲೆ ಪೂರ್ತಿ ಹೇಳಿ ಎಂದರು. ಅಷ್ಟೇ. ನನ್ನ ಬೆಂಗಳೂರಿನ ಬಸ್ಸು ಆಚೆ ಕಡೆ ಹಾರ್ನು ಹಾಕುತ್ತಿತ್ತು. ಅದನ್ನು ಬಿಟ್ಟೆ, ಇದು ಹೊರಡಲಿ ಎಂದು ನಿಂತೆ.

ಡ್ರೈವರು ಬಂದು ಇಂಜಿನ್ನು ಹಾಕಿದ. ಆಗ ಯಾರದೋ ಬೈಕಿನ ಹಿಂದಿನಿಂದ ಮಹದೇವಯ್ಯ ಇಳಿದರು. ಮಡಿಕೆಯ ಗೆರೆ ಇನ್ನೂ ಹೋಗದ ಬಿಳಿ ಅಂಗಿ ಹಾಕಿಕೊಂಡಿದ್ದರು, ಗುಂಡಿ ಒಂದು ಮನೆ ತಪ್ಪಿತ್ತು. ಬಸ್ಸುಗಳ ಬೋರ್ಡು ನೋಡುತ್ತಾ ನಡೆದು ಬಂದು, ನನ್ನನ್ನು ಗುರುತಿಸದವರಂತೆ ದಾಟಿ, ಮುಂದಿನ ಬಾಗಿಲಿನಿಂದ ಹತ್ತಿದರು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದ.

"ಮಳವಳ್ಳಿ ಒಂದು," ಎಂದರು ಮಹದೇವಯ್ಯ. "ಅಕ್ಕನ ಮನೆಗೆ."

ಕಿಟಕಿಯ ಪಕ್ಕ ಕೂತಿದ್ದ ಚಿಕ್ಕತಾಯಮ್ಮ ತಿರುಗಿ ನೋಡಲಿಲ್ಲ. ಪಕ್ಕದ ಸೀಟಿನ ಮೇಲಿಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.